ಕುದುರೆಯ ತಲೆ ಕದ್ದ ಡಾಕ್ಟರು

1930ರ ಬೇಸಿಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ, ಕಾಲುವೆ ನೀರಾವರಿಯ ಸೀಮೆ. ಅಲ್ಲಿ ಕುದುರೆಗಳು ಇದ್ದಕ್ಕಿದ್ದಂತೆ ಮೇವು ಬಿಟ್ಟವು. ತಲೆ ಜೋಲು ಹಾಕಿ ನಿಂತವು, ತೂರಾಡಿದವು, ಸುತ್ತಿದಲ್ಲೇ ಸುತ್ತಿ ಕೊನೆಗೆ ನೆಲಕ್ಕೆ ಬಿದ್ದವು. ಸುಮಾರು 6,000 ಕುದುರೆಗಳಿಗೆ ರೋಗ ತಗುಲಿತು, ಹೆಚ್ಚುಕಡಿಮೆ ಅರ್ಧದಷ್ಟು ಸತ್ತವು. ಟ್ರ್ಯಾಕ್ಟರ್ ಇನ್ನೂ ಎಲ್ಲರ ಹೊಲಕ್ಕೆ ಇಳಿದಿರಲಿಲ್ಲ. ಉಳುಮೆ ಹೊತ್ತಿಗೆ ಜೋಡೆತ್ತಿನಲ್ಲಿ ಒಂದು ಸತ್ತರೆ ಮನೆ ಏನಾಗುತ್ತದೆ ಅಂತ ನಮಗೆ ಹೇಳಬೇಕಿಲ್ಲ.

ಹಾಳಾದ ಮೇವು ತಿಂದು ವಿಷವಾಗಿದೆ ಎಂದು ಹಲವರು ನಂಬಿದ್ದರು. ಕಾರ್ಲ್ ಮಾಯರ್ ಎಂಬ ಪಶುವೈದ್ಯ ವಿಜ್ಞಾನಿಗೆ ಅನುಮಾನ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ್ದವರು. ಸತ್ತ ಕುದುರೆಗಳ ಮಿದುಳು ತಂದು ನೋಡಿದರೂ ಏನೂ ಸಿಗಲಿಲ್ಲ. ರೋಗ ಹತ್ತಿದ ಹೊಸದರಲ್ಲೇ ಮಿದುಳು ಬೇಕಿತ್ತು, ಅಂದರೆ ಇನ್ನೂ ಜೀವ ಇರುವ ಕುದುರೆ.

ಮುಂದಿನದು ಮಾಯರ್ ತಾವೇ ಹೇಳಿಕೊಂಡ ಕಥೆ. ಒಬ್ಬ ರೈತನ ಕುದುರೆಗೆ ಕಾಯಿಲೆ. ಕೇಳಿದರೆ ಕೊಡಲಿಲ್ಲ. ಮಾಯರ್ ಅವನ ಹೆಂಡತಿಗೆ 20 ಡಾಲರ್ ಕೊಟ್ಟು, ಗಂಡ ಮಲಗಿದ ಮೇಲೆ ಕಿಟಕಿಯಲ್ಲಿ ಸನ್ನೆ ಮಾಡು ಎಂದರು. ರಾತ್ರಿ ಸನ್ನೆ ಬಂತು. ಕುದುರೆಯನ್ನು ಕೊಂದು, ತಲೆ ಕತ್ತರಿಸಿ, ಕಾರಿಗೆ ಹಾಕಿಕೊಂಡು ಲ್ಯಾಬಿಗೆ ಓಡಿದರು. ಕಳ್ಳತನ ಕಳ್ಳತನವೇ. ರೈತನದು ತಪ್ಪು ಅನ್ನಲು ನನಗಂತೂ ಮನಸ್ಸಿಲ್ಲ, ಉಸಿರಾಡುತ್ತಿರುವ ಪ್ರಾಣಿಯನ್ನು ಯಾರು ಕೊಟ್ಟಾರು? ಆದರೆ ಆ ಮಿದುಳಿನಲ್ಲೇ ವೈರಸ್ ಸಿಕ್ಕಿತು. 1931ರಲ್ಲಿ ಮಾಯರ್, ಹೇರಿಂಗ್, ಬಿಯಾಟ್ರಿಸ್ ಹೋವಿಟ್ ಅದನ್ನು ಪ್ರಕಟಿಸಿದರು. ಮೇವಿನ ತಪ್ಪಲ್ಲ ಎಂದು ಗೊತ್ತಾಯಿತು.

ಹರಡುವುದು ಹೇಗೆ? 1933ರಲ್ಲಿ ಅಮೆರಿಕದ ಸೈನ್ಯದ ಪಶುವೈದ್ಯ ಕೆಲ್ಸರ್ ಸೊಳ್ಳೆ ಕಚ್ಚಿದರೆ ರೋಗ ದಾಟುತ್ತದೆಂದು ಪ್ರಯೋಗದಲ್ಲಿ ತೋರಿಸಿದರು. 1941ರಲ್ಲಿ ಯಾಕಿಮಾ ಕಣಿವೆಯಲ್ಲಿ ಹಿಡಿದ ಕ್ಯೂಲೆಕ್ಸ್ ಸೊಳ್ಳೆಯಲ್ಲೇ ವೈರಸ್ ಸಿಕ್ಕಿತು. ಈ ಸೊಳ್ಳೆ ಹೊಲದಲ್ಲಿ ನಿಂತ ಕಾಲುವೆ ನೀರಿನಲ್ಲಿ ಮೊಟ್ಟೆ ಇಡುತ್ತದೆ. ವೈರಸ್ ಬೆಳೆಯುವುದು ಹಕ್ಕಿಗಳಲ್ಲಿ, ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಕುದುರೆಗೂ ಮನುಷ್ಯರಿಗೂ. ಕುದುರೆಯಿಂದ ಮನೆಯವರಿಗೆ ಅಂಟುವುದಿಲ್ಲ. ಪಾಪ, ಅದೂ ನಮ್ಮಂತೆ ಕಚ್ಚಿಸಿಕೊಂಡದ್ದು ಅಷ್ಟೇ. ನೀರು ತಂದು ಬದುಕು ಕಟ್ಟಿಕೊಂಡ ರೈತರೇ ಗೊತ್ತಿಲ್ಲದೆ ಸೊಳ್ಳೆಯನ್ನೂ ಸಾಕಿದ್ದರು. ನಮ್ಮ ಕೋಲಾರ, ಮಂಡ್ಯ ಕಡೆ ಮಕ್ಕಳನ್ನು ಕಾಡಿದ ಜಪಾನಿ ಮಿದುಳು ಜ್ವರದ ವೈರಸ್ ಬೇರೆ, ಆದರೆ ದಾರಿ ಇಂಥದ್ದೇ. ಅಲ್ಲಿ ಕಾಲುವೆ ನೀರು, ಇಲ್ಲಿ ಭತ್ತದ ಗದ್ದೆ. ಅಲ್ಲಿ ಹಕ್ಕಿ, ಇಲ್ಲಿ ಕೊಕ್ಕರೆ ಮತ್ತು ಹಂದಿ.

1938 ಇನ್ನೂ ಕೆಟ್ಟ ವರ್ಷ. ಅಮೆರಿಕದಲ್ಲಿ ಸುಮಾರು 1.84 ಲಕ್ಷ ಕುದುರೆ, ಹೇಸರಗತ್ತೆಗಳಿಗೆ ಇಂಥ ಮಿದುಳು ರೋಗ ಬಂತೆಂದು ಅಂದಾಜು. ಅದೇ ವರ್ಷ ಹೋವಿಟ್ ಸತ್ತ ಮಗುವೊಂದರ ಮಿದುಳಿನಲ್ಲಿ ಅದೇ ವೈರಸ್ ಕಂಡರು. ಅದೇ ವರ್ಷ ಬಿಯರ್ಡ್ ಮತ್ತು ಜೊತೆಗಾರರು ಕೋಳಿಮೊಟ್ಟೆಯ ಭ್ರೂಣದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು ಮಾಡಿದ ಲಸಿಕೆಯನ್ನೂ ಪ್ರಕಟಿಸಿದರು. ರೈತರು ಕುದುರೆಗಳಿಗೆ ಹಾಕಿಸಿದರು.

ಈಗಲೂ ಅಲ್ಲಿ ಕುದುರೆಗಳಿಗೆ ವರ್ಷಕ್ಕೊಮ್ಮೆ, ಸೊಳ್ಳೆ ಏಳುವ ಮೊದಲು, ವಸಂತದಲ್ಲಿ ಸೂಜಿ ಚುಚ್ಚುತ್ತಾರೆ. ಜನಸಾಮಾನ್ಯರಿಗೆ ಈ ರೋಗದ ಲಸಿಕೆ ಇಂದಿಗೂ ಮಾರುಕಟ್ಟೆಗೆ ಬಂದಿಲ್ಲ.