ಒಂದೇ ಅಂತರ್ಜಾಲ ಸಂಪರ್ಕ, ಹಲವು ಕಚೇರಿ ಜಾಲಗಳು: ಬೇರ್ಪಡೆ ನಿರ್ಧಾರವಾಗುವುದು ಎಲ್ಲಿ?

ಒಂದೇ ಕಟ್ಟಡದಲ್ಲಿರುವ ಲೆಕ್ಕಪರಿಶೋಧಕರು, ವಕೀಲರು ಮತ್ತು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯವರು ಒಂದು ಫೈಬರ್ ಸಂಪರ್ಕವನ್ನು ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಆದರೆ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಕೂಡದು. ‘ವಿಲ್ಯಾನ್ ಮಾಡಿದರಾಯಿತು’, ಅಂದರೆ ಒಂದೇ ಸ್ವಿಚ್ಚಿನೊಳಗೆ ಪ್ರತ್ಯೇಕ ಜಾಲಗಳನ್ನು ರಚಿಸಿದರೆ ಸಾಕು, ಎಂಬುದು ಇದಕ್ಕೆ ತಂತ್ರಜ್ಞರ ಸಿದ್ಧ ಉತ್ತರ. ಆ ಉತ್ತರ ಅರ್ಧ ಮಾತ್ರ ಸರಿ ಎಂಬುದು ಪ್ರಸ್ತುತ ಲೇಖನದ ವಾದ. ಸ್ವಿಚ್ಚು ಬೇರ್ಪಡಿಸಿದ ಜಾಲಗಳನ್ನು, ಎಲ್ಲರಿಗೂ ಅಂತರ್ಜಾಲ ಒದಗಿಸುವ ರೂಟರೇ ಮತ್ತೆ ಕೂಡಿಸಿಬಿಡುತ್ತದೆ.

ಸ್ವಿಚ್ಚಿನ ಮಟ್ಟದ ಕೆಲಸ ಸ್ಪಷ್ಟವಾಗಿದೆ. 1998ರ ಐಇಇಇ 802.1ಕ್ಯೂ ಮಾನಕದಂತೆ ಈಥರ್ನೆಟ್ ಫ್ರೇಮಿಗೆ 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರ 12 ಬಿಟ್‌ಗಳು ಜಾಲದ ಸಂಖ್ಯೆಗೆ ಮೀಸಲು. 0 ಮತ್ತು 4095 ಕಳೆದರೆ 4094 ಜಾಲಗಳಿಗೆ ಅವಕಾಶವಿದೆ. 10ನೇ ವಿಲ್ಯಾನಿನ ಬ್ರಾಡ್‌ಕಾಸ್ಟ್ 20ನೆಯದಕ್ಕೆ ತಲಪುವುದಿಲ್ಲ. ವಿಳಾಸಗಳನ್ನಷ್ಟೇ ಬೇರೆ ಮಾಡಿ ಎಲ್ಲರನ್ನೂ ಒಂದೇ ಸಾದಾ ಸ್ವಿಚ್ಚಿಗೆ ಜೋಡಿಸುವ ರೂಢಿಯೂ ಇದೆ. ಅದನ್ನು ಬೇರ್ಪಡೆ ಎನ್ನಲಾಗದು.

ಈಗ 10ನೇ ಜಾಲದಲ್ಲಿ 192.168.10.25 ವಿಳಾಸದ ಕಂಪ್ಯೂಟರ್ 20ನೇ ಜಾಲದ 192.168.20.40ಕ್ಕೆ ಒಂದು ಪ್ಯಾಕೆಟ್ ಕಳಿಸುತ್ತದೆ ಎನ್ನೋಣ. ಆ ವಿಳಾಸ ತನ್ನ ಜಾಲದ್ದಲ್ಲವಾದ್ದರಿಂದ ಕಂಪ್ಯೂಟರ್ ಅದನ್ನು ರೂಟರಿಗೆ ಒಪ್ಪಿಸುತ್ತದೆ. ರೂಟರಿಗೆ ಎರಡೂ ಜಾಲಗಳು ನೇರ ಪರಿಚಿತ. ತಡೆಯುವ ನಿಯಮವಿಲ್ಲದಿದ್ದರೆ ಪ್ಯಾಕೆಟ್ ಆಚೆ ದಾಟುತ್ತದೆ. ಒಳಗಿನ ವಿಳಾಸಗಳನ್ನು ಒಂದು ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ನ್ಯಾಟ್ ಇದೆಯಲ್ಲ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಸಾಮಾನ್ಯ ಜೋಡಣೆಯಲ್ಲಿ ಅದು ಅಂತರ್ಜಾಲದತ್ತ ಹೊರಡುವ ಪ್ಯಾಕೆಟ್‌ಗಳ ವಿಳಾಸವನ್ನಷ್ಟೇ ಬದಲಿಸುತ್ತದೆ. ಆದ್ದರಿಂದ ರೂಟರಿನ ಮೂಲಕ ದಾಟುವ ಪ್ಯಾಕೆಟ್‌ಗಳನ್ನು ನಿಯಂತ್ರಿಸುವ ಫಾರ್ವರ್ಡ್ ನಿಯಮಾವಳಿ ನಿರಾಕರಣೆಯಿಂದಲೇ ಆರಂಭವಾಗಬೇಕು. ಪ್ರತಿ ಜಾಲದಿಂದ ಅಂತರ್ಜಾಲಕ್ಕೆ ಹೊಸ ಸಂಪರ್ಕ, ಅದಕ್ಕೆ ಮರಳುವ ಉತ್ತರ, ಇವೆರಡಕ್ಕೆ ಮಾತ್ರ ಅನುಮತಿ ಸಾಕು.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ, ಹೆಚ್ಚಿನವರು ಎಡವುವುದೂ ಅಲ್ಲೇ. ಲಿನಕ್ಸ್ ಆಧಾರಿತ ರೂಟರುಗಳಲ್ಲಿ 20ನೇ ಜಾಲದ ಕಡೆಗೆ ರೂಟರಿಗಿರುವ 192.168.20.1 ಎಂಬ ವಿಳಾಸ ಒಂದು ಪೋರ್ಟಿನದಲ್ಲ, ಇಡೀ ಯಂತ್ರದ್ದು. 10ನೇ ಜಾಲದಿಂದ ಅಲ್ಲಿಗೆ ಬರುವ ಪ್ಯಾಕೆಟ್ ಫಾರ್ವರ್ಡ್ ನಿಯಮಗಳನ್ನು ಮುಟ್ಟದೆ, ರೂಟರಿಗೇ ಬರುವ ಪ್ಯಾಕೆಟ್‌ಗಳಿಗಾಗಿ ಇರುವ ಇನ್‌ಪುಟ್ ನಿಯಮಗಳತ್ತ ಹೋಗುತ್ತದೆ. ಅವು ಸಡಿಲವಾಗಿದ್ದರೆ ರೂಟರಿನ ನಿರ್ವಹಣಾ ಪುಟ ಬಾಡಿಗೆದಾರರೆಲ್ಲರಿಗೂ ತೆರೆದಿರುತ್ತದೆ. ಡಿಎಚ್‌ಸಿಪಿ ಮತ್ತು ಡಿಎನ್‌ಎಸ್‌ನಂಥ ಅಗತ್ಯ ಸೇವೆ ಬಿಟ್ಟು ಉಳಿದದ್ದನ್ನು ಮುಚ್ಚುವುದೇ ಸರಿ. ಐಪಿವಿ6 ಚಾಲನೆಯಲ್ಲಿದ್ದರೆ ಇದೇ ನಿಯಮಗಳು ಅದಕ್ಕೂ ಬೇಕು. ಲಿನಕ್ಸಿನ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನಲ್ಲಿ ಬರೆದದ್ದು ಐಪಿವಿ4ಕ್ಕೆ ಮಾತ್ರ ಅನ್ವಯಿಸುತ್ತದೆ.

ಭಾರತದಲ್ಲಿ ಹೊಣೆಗಾರಿಕೆಯ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆನ್ನುತ್ತದೆ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಮೂರು ಕಚೇರಿಗಳಿದ್ದಾಗ, ನ್ಯಾಟ್ ಲಾಗ್ ಇಲ್ಲದೆ ತಪ್ಪು ಯಾವ ಕಚೇರಿಯಿಂದ ನಡೆಯಿತೆಂದು ಹೇಳುವುದು ಕಷ್ಟ.

ಸಂಪರ್ಕ ಹಂಚಿಕೊಳ್ಳುವ ಕಟ್ಟಡಗಳ ಮಾಲೀಕರಲ್ಲಿ ಒಂದು ವಿನಂತಿ: ಪ್ರತಿ ಜಾಲದಿಂದ ಉಳಿದ ಜಾಲಗಳ ಕಂಪ್ಯೂಟರುಗಳನ್ನೂ ರೂಟರಿನ ಎಲ್ಲ ವಿಳಾಸಗಳನ್ನೂ ತಲಪಲು ಯತ್ನಿಸಿ ನೋಡಿ, ಫರ್ಮ್‌ವೇರ್ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಿ, ಅದನ್ನು ಬಾಡಿಗೆ ಕರಾರಿನಲ್ಲೇ ಬರೆಸಿ.