ಮುಟ್ಟು ನಿಂತ ಮೇಲಿನ ದಾಂಪತ್ಯ ಸುಖ: ದೇಹದ ಪಾಲೆಷ್ಟು, ಮನೆಯ ಪಾಲೆಷ್ಟು?

1980ರ ಆಸುಪಾಸಿನಲ್ಲಿ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಗ್ರಾಮೀಣ ಕರ್ನಾಟಕದಲ್ಲಿ ನಡೆಸಿದ ಅಧ್ಯಯನ ಹೆಸರಾದದ್ದು ಜನನ ಪ್ರಮಾಣದ ಇಳಿಕೆಯನ್ನು ವಿವರಿಸಿದ್ದಕ್ಕಾಗಿ. ಅದರೊಳಗೆ ಇನ್ನೊಂದು ಸಂಗತಿಯೂ ದಾಖಲಾಗಿದೆ: ಮಕ್ಕಳಿಗೆ ಮದುವೆಯಾಗಿ ಮೊಮ್ಮಗು ಬರುವ ಹೊತ್ತಿಗೆ ಗಂಡಹೆಂಡಿರು ಕೂಡುವುದನ್ನು ನಿಲ್ಲಿಸಬೇಕೆಂಬ ರೂಢಿ. ದೆಹಲಿ ಪ್ರದೇಶದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಸಿಲ್ವಿಯಾ ವಟುಕ್ ಕೂಡ ಇಂಥದೇ ನಿರೀಕ್ಷೆಯನ್ನು ಗುರುತಿಸಿದ್ದಾರೆ. ಹದಿನಾರು ಹದಿನೇಳಕ್ಕೆ ಮದುವೆಯಾದ ಹೆಣ್ಣು ನಲವತ್ತರೊಳಗೇ ಅಜ್ಜಿಯಾಗುತ್ತಿದ್ದಳು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅಂದರೆ ಅವಳ ಹಾಸಿಗೆ ಬೇರೆಯಾದ ದಿನ ಅವಳ ಅಂಡಾಶಯಗಳು ಇನ್ನೂ ಕೆಲಸ ಮಾಡುತ್ತಿದ್ದವು.

ಈ ಕಾಲಾಂತರವೇ ಪ್ರಸ್ತುತ ಲೇಖನದ ಆಧಾರ. ಮುಟ್ಟು ನಿಂತರೆ ಲೈಂಗಿಕ ಜೀವನವೂ ತಾನಾಗಿ ಮುಗಿಯುತ್ತದೆ ಎಂಬ ನಂಬಿಕೆಯಲ್ಲಿ ದೇಹದ ಬದಲಾವಣೆ ಮತ್ತು ಮನೆಯ ಕಟ್ಟಳೆ ಎರಡೂ ಬೆರೆತುಹೋಗಿವೆ. ಬಿಡಿಸಿ ನೋಡಿದರೆ ದೇಹದ ಪಾಲು ಮುಖ್ಯವಾಗಿ ನೋವು. ಅದಕ್ಕೆ ಚಿಕಿತ್ಸೆ ಇದೆ. ಬಯಕೆಯ ಏರಿಳಿತ ಹೆಚ್ಚಾಗಿ ಸಂಬಂಧಕ್ಕೂ ಬದುಕಿನ ಏರ್ಪಾಟಿಗೂ ಸೇರಿದ್ದು. ಒಂದಕ್ಕೆ ಹೇಳಬೇಕಾದ ಮದ್ದನ್ನು ಇನ್ನೊಂದಕ್ಕೆ ಹೇಳಿದಾಗ, ಅಥವಾ ಎರಡಕ್ಕೂ ‘ವಯಸ್ಸಾಯಿತಲ್ಲ’ ಎಂದು ಹೇಳಿ ಕಳಿಸಿದಾಗ, ಹೆಣ್ಣು ಸುಮ್ಮನೆ ನೋವನ್ನು ನುಂಗುತ್ತಾಳೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಈಸ್ಟ್ರೋಜನ್ ಇಳಿದಂತೆ ಯೋನಿಯ ಒಳಪದರ ತೆಳುವಾಗುತ್ತದೆ, ಅಲ್ಲಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಕುಗ್ಗುವುದರಿಂದ ಅದನ್ನು ನೆಚ್ಚಿದ ಲ್ಯಾಕ್ಟೊಬ್ಯಾಸಿಲಸ್ ಸೂಕ್ಷ್ಮಾಣುಗಳೂ ಕುಗ್ಗುತ್ತವೆ. ಆಗ ಸಾಮಾನ್ಯವಾಗಿ 3.5ರಿಂದ 4.5ರವರೆಗೆ ಇರುವ ಆಮ್ಲೀಯ ಪಿಎಚ್ 5 ದಾಟುತ್ತದೆ. ಒಣಗುವಿಕೆ, ಉರಿ, ಕೂಡುವಾಗ ನೋವು, ಮತ್ತೆಮತ್ತೆ ಕಾಡುವ ಉರಿಮೂತ್ರ ಇವೆಲ್ಲ ಒಂದೇ ಬೇರಿನವು. ಮೈಯೆಲ್ಲ ಬಿಸಿಯೇರಿ ಬೆವರುವ ತೊಂದರೆ ಬಹುತೇಕರಲ್ಲಿ ಕೆಲವು ವರ್ಷಗಳಲ್ಲಿ ತಗ್ಗುತ್ತದೆ. ಯೋನಿಯ ಈ ತೊಂದರೆ ಹಾಗಲ್ಲ; ಚಿಕಿತ್ಸೆ ಸಿಗದಿದ್ದರೆ ಉಳಿಯುತ್ತದೆ, ಹಲವರಲ್ಲಿ ಹೆಚ್ಚುತ್ತದೆ. ನೋವಿನ ನೆನಪಿನಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮುಂದಿನ ಸಲ ತಾವಾಗಿ ಬಿಗಿಯುತ್ತವೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ಹೀಗೆ ನೋವಿಗೆ ಹೆದರಿ ದೂರ ಸರಿದವಳನ್ನು ಬಯಕೆ ಬತ್ತಿದವಳೆಂದು ಗಂಡ ತಿಳಿಯುತ್ತಾನೆ. ಎಷ್ಟೋ ಸಲ ಅವಳೂ ಹಾಗೆಂದೇ ತಿಳಿದಿರುತ್ತಾಳೆ.

ಬಯಕೆಯ ವಿಷಯದಲ್ಲಿ ತೂಕದ ಸಾಕ್ಷ್ಯ ಆಸ್ಟ್ರೇಲಿಯಾದಿಂದ ಬಂದಿದೆ. ಮೆಲ್ಬರ್ನ್‌ನಲ್ಲಿ ಲೊರೇನ್ ಡೆನರ್‌ಸ್ಟೀನ್ ಮತ್ತು ಸಂಗಡಿಗರು 1991ರಿಂದ ನಡುವಯಸ್ಸಿನ 438 ಮಹಿಳೆಯರನ್ನು ವರ್ಷವರ್ಷವೂ ಭೇಟಿಮಾಡಿ, ಹಾರ್ಮೋನುಗಳನ್ನು ಅಳೆದು, ಬದುಕಿನ ಬಗ್ಗೆ ಪ್ರಶ್ನಿಸಿದರು. ಮುಟ್ಟು ನಿಲ್ಲುವ ಹಂತದಲ್ಲಿ ಉದ್ರೇಕ ಮತ್ತು ಆಸಕ್ತಿ ಇಳಿದದ್ದು, ನೋವು ಏರಿದ್ದು ನಿಜ. ಆದರೆ ಯಾರ ಲೈಂಗಿಕ ಜೀವನ ಹೇಗೆ ಸಾಗಿತು ಎಂಬುದನ್ನು 2005ರಲ್ಲಿ ಲೆಕ್ಕಹಾಕಿದಾಗ, ರಕ್ತದ ಈಸ್ಟ್ರೋಜನ್‌ಗಿಂತ ಹೆಚ್ಚು ತೂಗಿದ್ದು ಸಂಗಾತಿಯ ಮೇಲಿನ ಭಾವನೆ, ಮೊದಲಿನಿಂದ ಇದ್ದ ಸುಖದ ಮಟ್ಟ, ಸಂಗಾತಿ ಹೊಸದಾಗಿ ದೊರೆತದ್ದು ಅಥವಾ ಇಲ್ಲವಾದದ್ದು. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ‘ಸ್ವಾನ್’ ಅಧ್ಯಯನವೂ ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹಿಂಬಾಲಿಸಿತು. ಅದರಲ್ಲಿ ಸುಮಾರು ಕಾಲುಭಾಗದ ಮಹಿಳೆಯರಿಗೆ ನಡುವಯಸ್ಸಿನುದ್ದಕ್ಕೂ ಲೈಂಗಿಕತೆ ಬಹು ಮುಖ್ಯವಾಗಿಯೇ ಉಳಿಯಿತು.

ವ್ಯಾಂಕೂವರಿನ ವೈದ್ಯೆ ರೋಸ್‌ಮೆರಿ ಬ್ಯಾಸನ್ 2000ದಲ್ಲಿ ಮಂಡಿಸಿದ ಮಾದರಿ ಇಲ್ಲಿ ನೆರವಿಗೆ ಬರುತ್ತದೆ. ದೀರ್ಘ ದಾಂಪತ್ಯದಲ್ಲಿ ಬಯಕೆ ಮೊದಲು ಹುಟ್ಟಿ ಸ್ಪರ್ಶ ಆಮೇಲೆ ಬರಬೇಕೆಂದಿಲ್ಲ; ಆಪ್ತತೆಗಾಗಿ ಹತ್ತಿರವಾದ ಮೇಲೆ, ಸ್ಪರ್ಶ ಹಿತವೆನಿಸಿದ ಮೇಲೆ ಬಯಕೆ ಚಿಗುರಬಹುದು ಎಂಬುದು ಆಕೆಯ ವಾದ. ರಕ್ತಸಂಚಾರ ನಿಧಾನವಾದ ದೇಹಕ್ಕೆ ಇದು ಇನ್ನಷ್ಟು ಹೊಂದುತ್ತದೆ. ಮೊದಲು ಐದು ನಿಮಿಷ ಸಾಕಾಗುತ್ತಿದ್ದಲ್ಲಿ ಈಗ ಅರ್ಧ ಗಂಟೆ ಬೇಕಾಗಬಹುದು. ಚಂದ್ರನಾಡಿಯ (ಕ್ಲಿಟೋರಿಸ್) ಸ್ಪರ್ಶ ಹಿಂದಿಗಿಂತ ಹೆಚ್ಚು ಮುಖ್ಯವಾಗಬಹುದು, ಒಳಹೊಗದೆಯೇ ಸುಖ ಪೂರ್ಣವಾಗಬಹುದು. ಇದಕ್ಕೆಲ್ಲ ಬೇಕಾದದ್ದು ಹೊತ್ತು ಮತ್ತು ಬಾಗಿಲು ಹಾಕಿಕೊಳ್ಳುವ ಅವಕಾಶ. ಅಜ್ಜಿ ಮೊಮ್ಮಕ್ಕಳೊಡನೆ ನಡುಮನೆಯಲ್ಲಿ, ಅಜ್ಜ ಜಗಲಿಯಲ್ಲಿ ಮಲಗುವ ಮನೆಯಲ್ಲಿ ಇವೆರಡೂ ಇಲ್ಲ. ಇದ್ದ ಒಂದು ಕೋಣೆ ಮಗ ಸೊಸೆಗೆ ಹೋಗಿರುತ್ತದೆ. ಯಾವ ಹಾರ್ಮೋನಿನ ಗುಳಿಗೆಯೂ ಆ ಕೋಣೆಯನ್ನು ಹಿಂದಕ್ಕೆ ತಂದುಕೊಡದು.

ಆದರೂ ಆ ಕಟ್ಟಳೆಯನ್ನು ಬರಿಯ ದಬ್ಬಾಳಿಕೆ ಎನ್ನಲಾಗದು. ರಾಜಸ್ಥಾನ ಮತ್ತು ಹಿಮಾಚಲದ ರಜಪೂತ ಮಹಿಳೆಯರ ಬಗ್ಗೆ ಮಾರ್ಷಾ ಫ್ಲಿಂಟ್ 1975ರಲ್ಲಿ ಬರೆದಂತೆ, ಮುಟ್ಟು ನಿಂತವರಿಗೆ ಪರದೆಯಿಂದ ಹೊರಬಂದು ಗಂಡಸರ ನಡುವೆ ಕುಳಿತು ಮಾತಾಡುವ ಸ್ವಾತಂತ್ರ್ಯ ಸಿಗುತ್ತಿತ್ತು. ಮದುವೆಯೊಳಗಿನ ಬಲಾತ್ಕಾರವನ್ನು ಅಪರಾಧವೆಂದು ಇಂದಿಗೂ ಒಪ್ಪದ ಕಾನೂನಿನ ಕೆಳಗೆ, ಒಲ್ಲದ ಗಂಡನಿಂದ ದೂರ ಮಲಗಲು ಹೆಣ್ಣಿಗಿದ್ದ ಮರ್ಯಾದೆಯ ದಾರಿ ಮೊಮ್ಮಗುವಿನ ಪಕ್ಕದ ಹಾಸಿಗೆಯೇ ಆಗಿತ್ತು. ತೃಪ್ತಿಯ ಲೈಂಗಿಕ ಜೀವನ ಎಂಬ ಮಾತಿನಲ್ಲಿ ‘ಇನ್ನು ಸಾಕು’ ಎನ್ನುವ ಹಕ್ಕೂ ಸೇರಿರಬೇಕು. ಬೇಕು ಎನ್ನುವವಳು ನಾಚಿಕೆಯಿಂದ, ಬೇಡ ಎನ್ನುವವಳು ಹೆದರಿಕೆಯಿಂದ ಬಾಯಿಮುಚ್ಚುವ ಸ್ಥಿತಿಯೇ ತಪ್ಪು.

ಚಿಕಿತ್ಸೆಯ ಬಗ್ಗೆ ಇರುವ ಹೆದರಿಕೆಗೂ ಒಂದು ಇತಿಹಾಸವಿದೆ. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ 16,608 ಮಹಿಳೆಯರ ಮೇಲಿನ ಹಾರ್ಮೋನ್ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ಅಪಾಯದ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಿತು. ಆ ಪ್ರಯೋಗ ನಡೆದದ್ದು ನುಂಗುವ ಗುಳಿಗೆಯ ಮೇಲೆ. ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮು ಅಥವಾ 10 ಮೈಕ್ರೊಗ್ರಾಂ ಮಾತ್ರೆ ರಕ್ತಕ್ಕೆ ಸೇರುವುದು ಅತ್ಯಲ್ಪ, ಆದರೂ ಭಯ ಮಾತ್ರ ಅದಕ್ಕೂ ಅಂಟಿಕೊಂಡಿತು. ಸಾಮಾನ್ಯವಾಗಿ ಎರಡು ವಾರ ದಿನವೂ, ನಂತರ ವಾರಕ್ಕೆರಡು ಸಲ ಇದನ್ನು ಬಳಸುತ್ತಾರೆ. ಸ್ತನ ಕ್ಯಾನ್ಸರ್ ಆದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಬಳಸಬಾರದು, ಮುಟ್ಟು ನಿಂತ ಮೇಲೆ ರಕ್ತ ಕಂಡವರು ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು. ಈ ಔಷಧದ ಮಿತಿಯನ್ನೂ ಹೇಳಬೇಕು: 2018ರಲ್ಲಿ ಪ್ರಕಟವಾದ, 302 ಮಹಿಳೆಯರ ಹನ್ನೆರಡು ವಾರಗಳ ಪ್ರಯೋಗವೊಂದರಲ್ಲಿ ಈಸ್ಟ್ರೋಜನ್ ಮಾತ್ರೆ, ತೇವ ಕಾಯುವ ಜೆಲ್, ಔಷಧವಿಲ್ಲದ ಜೆಲ್ ಮೂರರಲ್ಲೂ ತೊಂದರೆ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಹಾಗಾಗಿ ಅಂಗಡಿಯಲ್ಲಿ ಸಿಗುವ ಅಗ್ಗದ ಜೆಲ್‌ನಿಂದ ಆರಂಭಿಸಿ, ಸಾಲದಿದ್ದರೆ ವೈದ್ಯರ ಬಳಿ ಹೋಗುವುದು ವಿವೇಕದ ದಾರಿ. ಕೊಬ್ಬರಿ ಎಣ್ಣೆಯನ್ನೂ ಬಳಸುವವರಿದ್ದಾರೆ. ಕಾಂಡೋಮ್ ಜೊತೆಗೆ ಅದು ಕೂಡದು, ರಬ್ಬರ್ ಹರಿಯುತ್ತದೆ. ದುಬಾರಿ ಲೇಸರ್ ಚಿಕಿತ್ಸೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿತ್ತು. 2021ರ ಪ್ರಯೋಗವೊಂದರಲ್ಲಿ ಲೇಸರ್ ಮತ್ತು ಅದರ ಸೋಗಿನ ಚಿಕಿತ್ಸೆಯ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ಗಂಡನ ದೇಹವೂ ಈ ಲೆಕ್ಕದಲ್ಲಿದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ನಿಮಿರುವಿಕೆಯನ್ನು ಕುಗ್ಗಿಸುತ್ತವೆ. 1998ರಿಂದ ಅದಕ್ಕೆ ಗುಳಿಗೆ ಇದೆ. ನ್ಯೂಜಿಲೆಂಡಿನಲ್ಲಿ ಆ್ಯನಿ ಪಾಟ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಆ ಗುಳಿಗೆ ನುಂಗಿದವರ ಸಂಗಾತಿ ಮಹಿಳೆಯರನ್ನು ಮಾತಾಡಿಸಿದಾಗ, ತಮ್ಮನ್ನು ಒಂದು ಮಾತೂ ಕೇಳದೆ ಬಂದ ಈ ಹೊಸ ಒತ್ತಾಯದ ಕಥೆಗಳು ಹೊರಬಂದವು. ಒಣಗಿದ, ಉರಿಯುವ ಮೈಗೆ ಗುಳಿಗೆಯ ಬಲ ಎದುರಾದರೆ ಅದು ಸುಖವಲ್ಲ. ಗಂಡನಿಗೆ ಚೀಟಿ ಬರೆಯುವ ವೈದ್ಯರು ಹೆಂಡತಿಯ ನೋವನ್ನೂ ವಿಚಾರಿಸಬೇಕು.

ಇನ್ನೊಂದು ಗುಂಪಿಗೆ ಮುಟ್ಟು ನಿಲ್ಲುವುದು ವಯಸ್ಸಿನಿಂದಲ್ಲ, ಚಾಕುವಿನಿಂದ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 3.2ರಷ್ಟು ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಈ ಶಸ್ತ್ರಚಿಕಿತ್ಸೆ ನಡೆದದ್ದು ಬಯಲಾಗಿ ಹೋರಾಟ ಎದ್ದಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಲು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಗರ್ಭಕೋಶ ಮಾತ್ರ ಹೋದರೆ ಹಾರ್ಮೋನು ಉಳಿಯುತ್ತದೆ. ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ದಿಢೀರನೆ ಕುಸಿಯುತ್ತದೆ, ಟೆಸ್ಟೊಸ್ಟೆರೋನ್ ಅರ್ಧದಷ್ಟಾಗುತ್ತದೆ. ಇಲ್ಲಿ ಬಯಕೆಯ ಇಳಿಕೆಗೂ ನೇರ ದೈಹಿಕ ಕಾರಣವಿರುತ್ತದೆ, ಮೆಲ್ಬರ್ನ್‌ನ ಸಮಾಧಾನ ಇವರಿಗೆ ಪೂರ್ತಿ ಅನ್ವಯಿಸದು. ತನ್ನ ಹೊಟ್ಟೆಯಿಂದ ಏನೇನು ತೆಗೆದಿದ್ದಾರೆ ಎಂಬುದು ಪ್ರತಿ ಹೆಣ್ಣಿಗೂ ಕನ್ನಡದಲ್ಲಿ ಬರೆದು ಸಿಗಬೇಕು.

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಿಳೆಯರ ವಯೋಮಿತಿ 49ಕ್ಕೆ ಮುಗಿಯುತ್ತದೆ. ಸಂತಾನಶಕ್ತಿ ಇರುವವರೆಗೆ ಹೆಣ್ಣಿನ ಲೈಂಗಿಕ ಜೀವನವನ್ನು ಎಣಿಸಿ, ಆಮೇಲೆ ಲೆಕ್ಕದಿಂದ ಕೈಬಿಡುವ ಈ ಗೆರೆ ಹಳ್ಳಿಯ ಹಳೆಯ ಕಟ್ಟಳೆಯಷ್ಟೇ ಕಟುವಾದದ್ದು. ಕನ್ನಡದಲ್ಲಿ ವೈದ್ಯಕೀಯವನ್ನು ಮನೆಮಾತಾಗಿಸಿದ ಡಾ. ಅನುಪಮಾ ನಿರಂಜನ ಅವರು ‘ವಧುವಿಗೆ ಕಿವಿಮಾತು’, ‘ತಾಯಿ ಮಗು’ ಬರೆದು ಮದುಮಗಳಿಗೂ ಬಾಣಂತಿಗೂ ಬುದ್ಧಿಮಾತು ಹೇಳಿದರು. ಐವತ್ತರ ಹೆಣ್ಣನ್ನು ಅಷ್ಟೇ ಸಲುಗೆಯಿಂದ ಮಾತಾಡಿಸುವ ಪುಸ್ತಕಗಳು ನಮಗೆ ಇನ್ನೂ ಬೇಕಾಗಿವೆ.

ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ, ಕೂಡಿದ ಮೇಲೆ ರಕ್ತ ಕಾಣುತ್ತದೆಯೇ ಎಂಬ ಪ್ರಶ್ನೆಗಳು ಈಗಾಗಲೇ ಇವೆ. ಕ್ಯಾನ್ಸರ್ ಪತ್ತೆಗಾಗಿ ಕೇಳುವ ಪ್ರಶ್ನೆಗಳವು. ಕೂಡಿದ ಮಾತನ್ನು ಅಲ್ಲಿ ಎತ್ತಲು ಯಾರೂ ಹಿಂಜರಿದಿಲ್ಲವಾದ್ದರಿಂದ ಅದರ ಕೆಳಗೆ ‘ಕೂಡುವಾಗ ನೋವಾಗುತ್ತದೆಯೇ, ಉರಿಯುತ್ತದೆಯೇ?’ ಎಂಬ ಒಂದು ಸಾಲು ಸೇರಿಸುವುದು ಕಷ್ಟವಲ್ಲ. ಹೌದೆಂದವಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಜೆಲ್ ಮತ್ತು ಮುಲಾಮು ಸಿಗುವಂತಾಗಬೇಕು.