ಬಾಡಿಗೆ ಕರಾರು ಪತ್ರ (ಕರ್ನಾಟಕ)

ಬಾಡಿಗೆ ಕರಾರು ಪತ್ರ ಎಂದರೆ ಮನೆ, ಮಳಿಗೆ ಮುಂತಾದ ಸ್ಥಿರಾಸ್ತಿಯನ್ನು ಗೊತ್ತಾದ ಅವಧಿಗೆ, ಗೊತ್ತಾದ ಹಣಕ್ಕೆ ಅನುಭವಿಸಲು ಮಾಲೀಕನು ಬಾಡಿಗೆದಾರನಿಗೆ ಹಕ್ಕು ನೀಡುವ ಲಿಖಿತ ಒಪ್ಪಂದ. ಕರ್ನಾಟಕದಲ್ಲಿ ವಾಸದ ಮನೆಗಳ ಕರಾರುಗಳು ಹೆಚ್ಚಾಗಿ ಬೆರಳಚ್ಚು ಅಂಗಡಿಗಳ ಸಿದ್ಧ ಮಾದರಿಗಳಿಂದಲೇ ತಯಾರಾಗುತ್ತವೆ. ಹೆಸರು, ವಿಳಾಸ, ಮೊತ್ತಗಳಷ್ಟೇ ಬದಲಾಗುತ್ತವೆ. ಉಳಿದ ಷರತ್ತುಗಳನ್ನು ಓದದೆ ಸಹಿ ಹಾಕುವವರೇ ಬಹಳ.

ಅನ್ವಯಿಸುವ ಕಾನೂನು

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಲ್ಲ ಬಾಡಿಗೆದಾರರನ್ನೂ ರಕ್ಷಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿರುವ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂದಿನ ನಗರಗಳ ಬಾಡಿಗೆಯನ್ನು ಗಮನಿಸಿದರೆ ಬಹುಪಾಲು ಮನೆಗಳು ಹೊರಗೇ ಉಳಿಯುತ್ತವೆ. ಅವುಗಳಿಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಅಧಿನಿಯಮ, 1882.

ಈ ಹಳೆಯ ಕಾನೂನಿನ 108ನೆಯ ಕಲಂ ಬಾಡಿಗೆದಾರನಿಗೆ ಕೆಲವು ಅನುಕೂಲಗಳನ್ನು ಕೊಟ್ಟಿದೆ. ಮಾಲೀಕನು ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ, ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮನೆ ಬಿಡುವಾಗ, ದಿನಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಆದರೆ ಇವೆಲ್ಲ ಕರಾರಿನಲ್ಲಿ ವ್ಯತಿರಿಕ್ತವಾದ ಮಾತು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಮಾತ್ರ. ‘ಮನೆ ಬಿಡುವಾಗ ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆ ಕಳೆಯಲಾಗುವುದು’ ಎಂಬ ಒಂದು ಸಾಲಿಗೆ ಸಹಿ ಹಾಕಿದವನು ಕಾನೂನು ಕೊಟ್ಟ ರಿಯಾಯಿತಿಯನ್ನು ತಾನೇ ಬಿಟ್ಟುಕೊಟ್ಟಂತೆ.

ಹನ್ನೊಂದು ತಿಂಗಳ ಅವಧಿ

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಅಧಿನಿಯಮ, 1908ರ ಪ್ರಕಾರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. ಅದರ ಶುಲ್ಕ, ಓಡಾಟಗಳನ್ನು ತಪ್ಪಿಸಲೆಂದೇ ಹನ್ನೊಂದು ತಿಂಗಳ ರೂಢಿ ಬೆಳೆದಿದೆ. ಅವಧಿ ಮುಗಿದ ಮೇಲೂ ಬಾಡಿಗೆದಾರ ಮುಂದುವರಿದು, ಮಾಲೀಕ ಬಾಡಿಗೆ ಸ್ವೀಕರಿಸುತ್ತಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ವಾಸದ ಮನೆಯ ಮಟ್ಟಿಗೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಎರಡೂ ಕಡೆಯವರು ಹದಿನೈದು ದಿನಗಳ ನೋಟಿಸಿನಿಂದ ಅದನ್ನು ಕೊನೆಗಾಣಿಸಬಹುದು. ಮಕ್ಕಳ ಶಾಲೆಯ ನಡುವರ್ಷದಲ್ಲಿ ಹದಿನೈದು ದಿನ ಎಷ್ಟು ಕಡಿಮೆ ಎಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಎರಡು ಅಥವಾ ಮೂರು ತಿಂಗಳ ನೋಟಿಸು ಎಂದು ಕರಾರಿನಲ್ಲೇ ಬರೆಸುವುದು ಲೇಸು.

ಅವಧಿ ಮುಗಿದಿದ್ದರೂ ಮಾಲೀಕನು ಬೀಗ ಬದಲಿಸಿ ಬಾಡಿಗೆದಾರನನ್ನು ಹೊರಹಾಕುವಂತಿಲ್ಲ. ಕಾನೂನುಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಮಾರಾಟವಾದ ಮಾತ್ರಕ್ಕೆ ಕರಾರು ರದ್ದಾಗುವುದೂ ಇಲ್ಲ.

ಮುಂಗಡ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವೊಂದು ಕಾನೂನಾಗಿ ತಂದಾಗಲೇ ಜಾರಿಗೆ ಬರುತ್ತದೆ. ವ್ಯಾಜ್ಯಗಳು ಹುಟ್ಟುವುದು ಹೆಚ್ಚಾಗಿ ಮುಂಗಡ ಹಿಂದಿರುಗಿಸುವ ದಿನ. ಕೀಲಿಕೈ ಒಪ್ಪಿಸುವ ದಿನವೇ ಹಣ ಕೊಡಬೇಕೆ, ಮನೆಗೆ ಇನ್ನೊಬ್ಬರು ಬಂದ ಮೇಲೆಯೇ, ಯಾವ ಯಾವ ಬಾಬಿಗೆ ಕಡಿತ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಮುಂಗಡವನ್ನು ಬ್ಯಾಂಕಿನ ಮೂಲಕ ಕೊಟ್ಟರೆ, ಮನೆ ಸೇರುವ ದಿನ ಗೋಡೆ, ನಲ್ಲಿ, ಸ್ವಿಚ್ಚುಗಳ ಛಾಯಾಚಿತ್ರ ತೆಗೆದಿಟ್ಟರೆ ಪುರಾವೆ ಉಳಿಯುತ್ತದೆ.

ಭೋಗ್ಯ

ಆಡುಮಾತಿನಲ್ಲಿ ‘ಲೀಸು’ ಎನ್ನುವ ಭೋಗ್ಯದಲ್ಲಿ ತಿಂಗಳ ಬಾಡಿಗೆ ಇರುವುದಿಲ್ಲ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಮನೆ ಬಿಡುವಾಗ ಪೂರ್ತಿ ಹಿಂಪಡೆಯುವುದು ಅದರ ಕ್ರಮ. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಅದು ತೀರದೆ ಹರಾಜಿಗೆ ಬಂದರೆ ಭೋಗ್ಯದಾರನು ಮನೆ, ಹಣ ಎರಡಕ್ಕೂ ಪರದಾಡಬೇಕಾಗುತ್ತದೆ. ಋಣಭಾರ ಪತ್ರ ತೆಗೆಸಿ ನೋಡುವುದು ಅಗತ್ಯ. ಆದರೂ ಹಕ್ಕುಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲ ಅದರಲ್ಲಿ ಯಾವಾಗಲೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ, ಮೂಲಪತ್ರಗಳು ಮಾಲೀಕನ ಬಳಿಯೇ ಇವೆಯೇ ಎಂಬುದನ್ನೂ ಕಣ್ಣಾರೆ ನೋಡಬೇಕಾಗುತ್ತದೆ.